ತೋಟ ಇದ್ದರೂ ಜೀವ ವಿಮೆ ಬೇಕೇ? ಬೇಕಾದರೆ ಎಷ್ಟು?

ಪ್ರಶ್ನೆ: ನಮ್ಮದು ಕೊಡಗಿನ ಸುಂಟಿಕೊಪ್ಪ ಹತ್ತಿರ 4 ಎಕರೆ ರೋಬಸ್ಟಾ ಕಾಫಿ ತೋಟ, ಜೊತೆಗೆ ಮೆಣಸು. ಖರ್ಚು ಕಳೆದು ವರ್ಷಕ್ಕೆ ಸುಮಾರು 5 ಲಕ್ಷ ಉಳಿಯುತ್ತದೆ. ಪಿಕಪ್ ಬಾಡಿಗೆಯಿಂದ ಇನ್ನೊಂದು 3 ಲಕ್ಷ. ನನಗೆ 38, ಹೆಂಡತಿಗೆ 33, ಮನೆ ನೋಡಿಕೊಳ್ಳುತ್ತಾಳೆ. ಮಕ್ಕಳಿಗೆ 9 ಮತ್ತು 4. ಅಮ್ಮನೂ ಜೊತೆಗಿದ್ದಾರೆ. ಮನೆ ಖರ್ಚು ತಿಂಗಳಿಗೆ 45,000. ಮನೆ, ಪಿಕಪ್, ಸೊಸೈಟಿ ಬೆಳೆಸಾಲ ಎಲ್ಲ ಸೇರಿ 14 ಲಕ್ಷ ಸಾಲ. ಹಳೆಯ ಎರಡು ಪಾಲಿಸಿಗಳಿಂದ 6 ಲಕ್ಷ ವಿಮೆ ಇದೆ. ಏಜೆಂಟ್ 2 ಕೋಟಿ ಮಾಡಿಸಿ ಎನ್ನುತ್ತಾರೆ. ಬಾವ ಆದಾಯದ ಹತ್ತು ಪಟ್ಟು ಸಾಕು ಎನ್ನುತ್ತಾರೆ. ಅಮ್ಮ, ತೋಟ ಇರುವಾಗ ವಿಮೆ ಯಾಕೆ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ನಿಮ್ಮ ಅಮ್ಮನ ಮಾತು. ಅದರಲ್ಲಿ ಅರ್ಧ ಸತ್ಯ ಇದೆ. ಸಂಬಳದವರು ಹೋದರೆ ಸಂಬಳವೂ ಹೋಗುತ್ತದೆ. ತೋಟದವರು ಹೋದರೆ ಗಿಡ ಅಲ್ಲೇ ಇರುತ್ತದೆ, ಕಾಯಿಯೂ ಬಿಡುತ್ತದೆ. ಆದರೆ ನೀವು ಹೇಳಿದ 5 ಲಕ್ಷದಲ್ಲಿ ನಿಮ್ಮ ದುಡಿಮೆಯ ಕೂಲಿಯೂ ಸೇರಿದೆ, ಅದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಮರಗಸಿ (ನೆರಳು ಮರದ ಕೊಂಬೆ ಕಡಿಸುವುದು), ಚಿಗುರು ತೆಗೆಸುವುದು, ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಾಗ ರಾತ್ರಿ ಸ್ಪ್ರಿಂಕ್ಲರ್ ಓಡಿಸುವುದು, ಕೊಯ್ಲಿಗೆ ಆಳು ಹೊಂದಿಸುವುದು, ಇದೆಲ್ಲ ನೀವೇ ಅಲ್ವಾ? ನಾಳೆ ತೋಟ ನೋಡಿಕೊಳ್ಳಲು ರೈಟರ್ (ಮೇಲ್ವಿಚಾರಕ) ಇಡಬೇಕು, ಇಲ್ಲವೇ ಫಸಲು ಗುತ್ತಿಗೆಗೆ ಕೊಡಬೇಕು. ಆಗ ಹೆಂಡತಿ ಕೈಗೆ ಬರುವುದು ಹೆಚ್ಚೆಂದರೆ ಅರ್ಧ ಎಂದು ಇಟ್ಟುಕೊಳ್ಳೋಣ, 2.5 ಲಕ್ಷ.

ಇನ್ನೊಂದು ಮಾತು. ಆ 5 ಲಕ್ಷ ಯಾವ ವರ್ಷದ್ದು? ಈಚೆಗೆ ರೋಬಸ್ಟಾಕ್ಕೆ ಬಂದ ಬೆಲೆ ನೋಡಿ ಹೇಳಿದ್ದಾದರೆ ಸ್ವಲ್ಪ ಇಳಿಸಿ. 2018ರ ಆಗಸ್ಟ್ ಮಳೆ ನೆನಪಿದೆಯಲ್ಲ? ಅಂಥ ವರ್ಷವೂ ಸರಾಸರಿಯಲ್ಲಿ ಇರಲಿ.

ಕಷ್ಟ ಬಂದರೆ ಜಾಗ ಮಾರಬಹುದು ಅನ್ನುವ ಧೈರ್ಯವೂ ಬೇಡ. ಖಾತೆ ಅಣ್ಣತಮ್ಮಂದಿರ ಜಂಟಿ ಹೆಸರಲ್ಲಿದ್ದರೆ, ಅಥವಾ ಜಮ್ಮಾ ಜಾಗವಾಗಿ (ಕೊಡಗಿನಲ್ಲಿ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಜಾಗ) ಮನೆತನದ ಪರವಾಗಿ ದಾಖಲೆಯಲ್ಲಿರುವ ಪಟ್ಟೆದಾರರು, ಒಕ್ಕದವರು ಅಂದರೆ ಮನೆತನದವರು ಎಲ್ಲರ ಹೆಸರೂ ಇದ್ದರೆ, ನಿಮ್ಮ ಹೆಂಡತಿ ಒಬ್ಬರೇ ಸಹಿ ಹಾಕಿ ಮಾರಲಾಗದು. ಮಾರುವಂತಿದ್ದರೂ ಅವಸರದ ಮಾರಾಟಕ್ಕೆ ಒಳ್ಳೆ ಬೆಲೆ ಸಿಗುವುದು ಕಷ್ಟ.

ಈಗ ಲೆಕ್ಕ. ಮನೆ ಖರ್ಚಿನಲ್ಲಿ ನಿಮ್ಮ ಸ್ವಂತದ್ದು 8,000 ತೆಗೆದರೆ ತಿಂಗಳಿಗೆ 37,000, ವರ್ಷಕ್ಕೆ ಸುಮಾರು 4.5 ಲಕ್ಷ. ಪಿಕಪ್ ಬಾಡಿಗೆ ನಿಂತುಹೋಗುತ್ತದೆ. ತೋಟದಿಂದ 2.5 ಲಕ್ಷ. ಕೊರತೆ ವರ್ಷಕ್ಕೆ 2 ಲಕ್ಷ. ಚಿಕ್ಕ ಮಗುವಿಗೆ 24 ಆಗುವವರೆಗೆ, ಅಂದರೆ 20 ವರ್ಷ, ಇದನ್ನು ತುಂಬಬೇಕು. ವಿಮೆ ಹಣಕ್ಕೆ ಬರುವ ಬಡ್ಡಿಯನ್ನು ಬೆಲೆ ಏರಿಕೆ ಹೆಚ್ಚುಕಡಿಮೆ ತಿಂದುಹಾಕುತ್ತದೆ. ಹಾಗಾಗಿ ನೇರವಾಗಿ ಗುಣಿಸಿದರೆ ಸಾಕು: 40 ಲಕ್ಷ. ಮಕ್ಕಳು ದುಡಿಯಲು ಶುರು ಮಾಡಿದ ಮೇಲೆ ಮನೆಗೆ ತೋಟದ ಹಣ ಸಾಲುತ್ತದೆ, ಅದಕ್ಕೇ 20 ವರ್ಷಕ್ಕೆ ನಿಲ್ಲಿಸಿದೆ. ಇಬ್ಬರ ಕಾಲೇಜು, ಹಾಸ್ಟೆಲ್‌ಗೆ ಇವತ್ತಿನ ಬೆಲೆಯಲ್ಲಿ 20 ಲಕ್ಷ. ಸಾಲ 14 ಲಕ್ಷ. ಫಸಲು ಪೂರ್ತಿ ಕೈತಪ್ಪಿದ ಎರಡು ವರ್ಷಕ್ಕೆಂದು 5 ಲಕ್ಷ. ಒಟ್ಟು 79. ಹಳೆಯ ಪಾಲಿಸಿಗಳ 6 ಕಳೆದರೆ 73 ಲಕ್ಷ.

75 ಲಕ್ಷದ ಟರ್ಮ್ ಪಾಲಿಸಿ, ನಿಮಗೆ 60 ಆಗುವವರೆಗೆ. ಇದು ನನ್ನ ಸಲಹೆ. ಬಾವನ ಹತ್ತು ಪಟ್ಟಿನ ಲೆಕ್ಕಕ್ಕೆ 80 ಲಕ್ಷ ಬರುತ್ತದೆ, ನಿಮ್ಮ ಮಟ್ಟಿಗೆ ಹೆಚ್ಚುಕಡಿಮೆ ಸರಿಹೋಯಿತು. ಆದರೆ ಅದು ಸಾಲವನ್ನೂ ನೋಡುವುದಿಲ್ಲ, ತೋಟವನ್ನೂ ನೋಡುವುದಿಲ್ಲ. ನಿಮ್ಮ ಸಾಲ 40 ಲಕ್ಷ ಇದ್ದಿದ್ದರೂ ಅದೇ ಉತ್ತರ ಕೊಡುತ್ತಿತ್ತು. ಏಜೆಂಟ್ ಹೇಳಿದ 2 ಕೋಟಿ ಸುಮ್ನೆ ಜಾಸ್ತಿ. ಕಂಪನಿಗಳು ಆದಾಯದ ದಾಖಲೆ ಕೇಳುತ್ತವೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ನಮ್ಮಲ್ಲಿ ಎಷ್ಟೋ ಜನ ಐಟಿ ರಿಟರ್ನ್ ಹಾಕುವುದೇ ಇಲ್ಲ. ಬಾಡಿಗೆ ಆದಾಯದ ಜೊತೆ ಕೃಷಿ ಆದಾಯವನ್ನೂ ತೋರಿಸಿ ರಿಟರ್ನ್ ಹಾಕುತ್ತಿದ್ದರೆ ಅನುಕೂಲ. ಕಾಫಿ ಮಾರಿದ ಬಿಲ್ಲುಗಳನ್ನೂ ಇಟ್ಟುಕೊಳ್ಳಿ.

ಟರ್ಮ್ ಪಾಲಿಸಿಯಲ್ಲಿ ಬದುಕಿದ್ದರೆ ಹಣ ವಾಪಸ್ ಬರುವುದಿಲ್ಲ. ಅದಕ್ಕೇ ಪ್ರೀಮಿಯಂ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳಿಗೆ ಜಿಎಸ್‌ಟಿಯೂ ಇಲ್ಲ. ಜ್ವರವೋ, ಘಟ್ಟದ ತಿರುವೋ, ತೋಟದಲ್ಲಿ ಎದುರಾದ ಆನೆಯೋ, ಸಾವು ಹೇಗೆ ಬಂದರೂ ಹಣ ಸಿಗುತ್ತದೆ. ಮೊದಲ 12 ತಿಂಗಳೊಳಗಿನ ಆತ್ಮಹತ್ಯೆ ಮಾತ್ರ ಹೊರತು. ಅರ್ಜಿಯಲ್ಲಿ ಕುಡಿತ, ಸಿಗರೇಟು, ಬಿಪಿ, ಸಕ್ಕರೆ ಕಾಯಿಲೆ ಬಗ್ಗೆ ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ನಮ್ಮ ಕಡೆ ಮದುವೆ ಮನೆಯಲ್ಲಿ ಎರಡು ಪೆಗ್ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅರ್ಜಿಯಲ್ಲಿ ಹಿಡಿಯಬೇಕು. ಪಾಲಿಸಿ ಶುರುವಾಗಿ ಮೂರು ವರ್ಷದೊಳಗೆ ಸುಳ್ಳು ಸಿಕ್ಕಿದರೆ ಕಂಪನಿ ಕ್ಲೇಮ್ ನಿರಾಕರಿಸಬಹುದು.

ಸಾಲ ಇರುವವರು ಇನ್ನೊಂದು ಕೆಲಸ ಮಾಡಲೇಬೇಕು. ಪಾಲಿಸಿ ಕೊಳ್ಳುವಾಗಲೇ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಮಾಡಿಸಿ. ಅರ್ಜಿಯ ಜೊತೆ ಅದಕ್ಕೊಂದು ಫಾರಂ ಇರುತ್ತದೆ. ಆಗ ಹಣ ಹೆಂಡತಿ ಮಕ್ಕಳದ್ದು. ಸಾಲ ಕೊಟ್ಟವರಾಗಲಿ, ದಾಯಾದಿಗಳಾಗಲಿ ಅದಕ್ಕೆ ಕೈ ಹಾಕಲಾಗದು. ಆಮೇಲೆ ಇದನ್ನು ಬದಲಿಸಲೂ ಬರುವುದಿಲ್ಲ, ಯೋಚಿಸಿ ಹೆಸರು ಬರೆಯಿರಿ. ಮನೆ ಸಾಲದ ಜೊತೆ ಬ್ಯಾಂಕಿನವರು ಆಗಲೇ ವಿಮೆ ಸೇರಿಸಿದ್ದಾರೆಯೇ ಎಂದೂ ಕಾಗದ ತೆಗೆದು ನೋಡಿ. ಸೇರಿಸಿದ್ದರೆ ಅಷ್ಟನ್ನು ಕಳೆಯಿರಿ.

ಹಳೆಯ ಪಾಲಿಸಿಗಳನ್ನು ಈಗಲೇ ಮುರಿಸಬೇಡಿ. ಆದರೆ ಮದುವೆಗೆ ಮುಂಚೆ ಮಾಡಿಸಿದ್ದಾದರೆ ನಾಮಿನಿ ಯಾರೆಂದು ನೋಡಿ. ಪ್ರಧಾನಮಂತ್ರಿ ಜೀವನ ಜ್ಯೋತಿಯನ್ನು ನಿಮ್ಮಿಬ್ಬರ ಹೆಸರಲ್ಲೂ ಮಾಡಿಸಿ, ತಲಾ ವರ್ಷಕ್ಕೆ 436 ರೂಪಾಯಿ, 2 ಲಕ್ಷ ವಿಮೆ. ಹಣ ಮೇ ಕೊನೆಯಲ್ಲಿ ಖಾತೆಯಿಂದ ತಾನಾಗಿ ಕಟ್ ಆಗುತ್ತದೆ, ಆಗ ಖಾತೆ ಖಾಲಿ ಇರದ ಹಾಗೆ ನೋಡಿಕೊಳ್ಳಿ.