ಪೆಬಲ್ ಬೀಚ್‌ನಲ್ಲಿ ಚೆಂಡು ಗ್ರೀನ್ ಮುಟ್ಟುತ್ತಿಲ್ಲ: ಪ್ರತಿಕ್ರಿಯೆ

ಕೋಲಾರದಲ್ಲಿ 150 ಗಜ ಹೋಗುವ ನಿಮ್ಮ ಗಾಲ್ಫ್ ಹೊಡೆತ, ಕ್ಯಾಲಿಫೋರ್ನಿಯಾದ ಕಡಲ ದಂಡೆಯ ಗಾಲ್ಫ್ ಮೈದಾನ ಪೆಬಲ್ ಬೀಚ್‌ನಲ್ಲಿ ಮೊದಲ ದಿನ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಮುಟ್ಟಲಿಲ್ಲ ಎಂದಿದ್ದೀರಿ. ಅದಕ್ಕೆ ಕಾರಣ ಹೆಚ್ಚಾಗಿ ಅಲ್ಲಿನ ಗಾಳಿ. ಅದಕ್ಕೆಂದು ನಿಮ್ಮ ಸ್ವಿಂಗ್ (ಕೋಲು ಬೀಸುವ ರೀತಿ) ಬದಲಿಸಬೇಡಿ. ಕೋಲಾರ 800 ಮೀಟರ್‌ಗಿಂತ ಎತ್ತರದಲ್ಲಿದೆ, ಗಾಳಿ ತೆಳು. ಕಡಲ ದಂಡೆಯಲ್ಲಿ ಅದು ದಟ್ಟ, ಜೊತೆಗೆ ತಂಪು, ಹಾಗಾಗಿ ಚೆಂಡನ್ನು ಹೆಚ್ಚು ತಡೆಯುತ್ತದೆ. ಎತ್ತರದ ವ್ಯತ್ಯಾಸಕ್ಕೇ ಸುಮಾರು 5 ಗಜ ಕಡಿಮೆಯಾಗುತ್ತದೆ. ಉಳಿದದ್ದು ಚಳಿಯದೋ ಎದುರುಗಾಳಿಯದೋ, ನಿಮ್ಮ ಆಟ ನೋಡದೆ ಹೇಳುವುದು ಕಷ್ಟ.

ನಾಳೆ ಮೊದಲು ರೇಂಜ್‌ನಲ್ಲಿ (ಅಭ್ಯಾಸದ ಜಾಗದಲ್ಲಿ) ಪ್ರತಿ ಕ್ಲಬ್ಬಿನ, ಅಂದರೆ ಕೋಲಿನ, ದೂರ ಹೊಸದಾಗಿ ನೋಡಿಕೊಳ್ಳಿ. ಆಮೇಲೆ ಒಂದು ಕ್ಲಬ್ ದೊಡ್ಡದು, ಅಂದರೆ ಇನ್ನೂ ದೂರ ಹೋಗುವಂಥದ್ದು, ಹಿಡಿಯಿರಿ. ಎದುರುಗಾಳಿಗೆ ಜೋರಾಗಿ ಹೊಡೆಯಲೇಬೇಡಿ! ಸ್ಪಿನ್ ಜಾಸ್ತಿಯಾಗಿ ಚೆಂಡು ಸುಮ್ನೆ ಮೇಲೇರಿ ಅಲ್ಲೇ ಬೀಳುತ್ತದೆ. ಎದುರುಗಾಳಿ ಇದ್ದಾಗ ಮಾತ್ರ ಚೆಂಡನ್ನು ಸ್ವಲ್ಪ ಹಿಂದಿನ ಕಾಲಿನ ಕಡೆಗಿಟ್ಟು, ಮುಕ್ಕಾಲು ಸ್ವಿಂಗ್‌ನಲ್ಲಿ ತಗ್ಗಾಗಿ ಕಳಿಸಿ. 7ನೇ ಹೋಲ್ ಸುಮಾರು 100 ಗಜ, ಇಳಿಜಾರು, ಸುತ್ತ ಕಡಲು. ಅಲ್ಲಿ ಮಾತ್ರ ಲೆಕ್ಕ ಬಿಟ್ಟು ಕ್ಯಾಡಿ (ಕ್ಲಬ್ ಹೊತ್ತು ಜೊತೆಗೆ ಬರುವ ಸಹಾಯಕ) ಹೇಳಿದ ಕ್ಲಬ್ ತೆಗೆದುಕೊಳ್ಳಿ.