ತವರ ಬೆರೆತ ಮೆಗ್ನೀಸಿಯಂ ಸರಳು: ಶೇಕಡಾವಾರಿಗಿಂತ ಮೊದಲು ಒತ್ತಿದ ತಾಪ ಕೇಳಿ

ಸರ್, ಟೆಲಿಸ್ಕೋಪಿನ ಮೂರು ಕಾಲಿನ ಸ್ಟ್ಯಾಂಡಿಗೆ ಎಕ್ಸ್‌ಟ್ರೂಷನ್ ಮಾಡಿದ, ಅಂದರೆ ಬಿಸಿ ಮಾಡಿ ಅಚ್ಚಿನ ಮೂಲಕ ಒತ್ತಿ ತೆಗೆದ, ಮೆಗ್ನೀಸಿಯಂ ಸರಳು ಸಿಕ್ಕಿದೆ, ಅದರಲ್ಲಿ 8% ತವರ, 1% ಅಲ್ಯೂಮಿನಿಯಂ, 1% ಸತು ಇದೆ ಎಂದು ಬರೆದಿದ್ದೀರಿ. ತವರ ಇನ್ನೂ ಹೆಚ್ಚಿದ್ದರೆ ಇನ್ನೂ ಗಟ್ಟಿಯೇ, 6061 ಎಂಬ ದರ್ಜೆಯ ಅಲ್ಯೂಮಿನಿಯಂನಂತೆ ಇದನ್ನೂ ಕಾಯಿಸಿ ಗಟ್ಟಿ ಮಾಡಬಹುದೇ ಎಂಬುದು ನಿಮ್ಮ ಪ್ರಶ್ನೆ. ಎರಡಕ್ಕೂ ನನ್ನ ಸಲಹೆ ಒಂದೇ: ಆ ದಾರಿ ಬೇಡ.

561 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿ ಮೆಗ್ನೀಸಿಯಂ ತನ್ನೊಳಗೆ ಸುಮಾರು 14.85% ತವರವನ್ನು ಕರಗಿಸಿಕೊಳ್ಳುತ್ತದೆ. 200 ಡಿಗ್ರಿಗೆ ಇಳಿದರೆ ಅರ್ಧ ಶೇಕಡಾ ಕೂಡ ಕರಗುವುದಿಲ್ಲ. ಮಿಕ್ಕ ತವರ ಎರಡು ಪರಮಾಣು ಮೆಗ್ನೀಸಿಯಂಗೆ ಒಂದು ಪರಮಾಣು ತವರ ಸೇರಿದ ಸಂಯುಕ್ತವಾಗಿ ಹೊರಬೀಳುತ್ತದೆ. ಅದು ಎಲ್ಲಿ, ಎಷ್ಟು ಸಣ್ಣದಾಗಿ ಬೀಳುತ್ತದೆ ಎಂಬುದರಲ್ಲೇ ಸರಳಿನ ಬಲವಿದೆ. ಒಳ್ಳೆಯ ಕಾರ್ಖಾನೆಯವರು ಎರಕದ ದಿಮ್ಮಿಯನ್ನು ಮೊದಲು 500 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಟ್ಟು ತವರವನ್ನು ಕರಗಿಸುತ್ತಾರೆ. ನಂತರ 250–350 ಡಿಗ್ರಿಯಲ್ಲಿ ಅಚ್ಚಿನ ಮೂಲಕ ಒತ್ತುವಾಗ ಲೋಹದೊಳಗಿನ ಹಳೆಯ ದಪ್ಪ ಹರಳುಗಳು (ಗ್ರೇನ್) ಮುರಿದು ಹೊಸ ಹರಳುಗಳು ಹುಟ್ಟುತ್ತವೆ. ಅದೇ ಹೊತ್ತಿಗೆ ತವರದ ಸಂಯುಕ್ತವೂ ಸಣ್ಣ ಕಣಗಳಾಗಿ ಹೊರಬಂದು, ಹೊಸ ಹರಳುಗಳ ಅಂಚಿನಲ್ಲಿ ಕೂತು, ಅವು ಬೆಳೆಯದಂತೆ ತಡೆಯುತ್ತದೆ.

ಹರಳು ಸಣ್ಣದಾದಷ್ಟೂ ಲೋಹ ಗಟ್ಟಿ ಎಂಬ ಹಾಲ್–ಪೆಚ್ ನಿಯಮ ಮೆಗ್ನೀಸಿಯಂನಲ್ಲಿ ಅಲ್ಯೂಮಿನಿಯಂಗಿಂತ ಬಹಳ ಜೋರಾಗಿ ಕೆಲಸ ಮಾಡುತ್ತದೆ. ಹರಳು 16 ಮೈಕ್ರಾನ್‌ನಿಂದ 4 ಮೈಕ್ರಾನ್‌ಗೆ ಇಳಿದರೆ ಯೀಲ್ಡ್ ಬಲ, ಅಂದರೆ ಲೋಹ ಶಾಶ್ವತವಾಗಿ ಮಣಿಯಲು ಶುರುವಾಗುವ ಒತ್ತಡ, ಸುಮಾರು 75 ಮೆಗಾಪ್ಯಾಸ್ಕಲ್ ಏರುತ್ತದೆ ಎಂದು ಲೆಕ್ಕ ಹಾಕಬಹುದು. ಜಪಾನಿನ ತ್ಸುಕುಬಾದ ನಿಮ್ಸ್ ಎಂಬ ವಸ್ತುವಿಜ್ಞಾನ ಸಂಸ್ಥೆಯ ಹೋನೋ ತಂಡ ನಿಮ್ಮದೇ ಬಗೆಯ ತವರ-ಸತು-ಅಲ್ಯೂಮಿನಿಯಂ ಬೆರಕೆಯನ್ನು ಕಡಿಮೆ ತಾಪದಲ್ಲಿ ಒತ್ತಿ 300 ಮೆಗಾಪ್ಯಾಸ್ಕಲ್ ಆಸುಪಾಸಿನ ಯೀಲ್ಡ್ ಬಲ ಪಡೆದಿದೆ. ಕಾಯಿಸಿ ಗಟ್ಟಿ ಮಾಡಿದ 6061 ಅಲ್ಯೂಮಿನಿಯಂನದು (6061-ಟಿ6) ಸುಮಾರು 276. ಅದೇ ದಿಮ್ಮಿಯನ್ನು ಹೆಚ್ಚು ಬಿಸಿಯಲ್ಲಿ, ಹೆಚ್ಚು ವೇಗದಲ್ಲಿ ಒತ್ತಿದರೆ ಹರಳು ಊದಿಕೊಂಡು ಆ ಲಾಭ ಕರಗಿಹೋಗುತ್ತದೆ. ಆದ್ದರಿಂದ ಮಾರುವವರನ್ನು ಮೊದಲು ಕೇಳಬೇಕಾದದ್ದು ಒತ್ತಿದ ತಾಪವನ್ನು. ಉತ್ತರ ಬರದಿದ್ದರೆ ಬೆಲೆ ಇಳಿಸಲು ಅದೇ ನೆಪ! ತವರವನ್ನು ಸುಮ್ಮನೆ ಏರಿಸಿದರೆ ಕರಗದೆ ಉಳಿದ ದಪ್ಪ ತುಂಡುಗಳು ಸರಳಿನ ಉದ್ದಕ್ಕೂ ಸಾಲುಗಟ್ಟುತ್ತವೆ, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ತೂಕವೂ ಏರುತ್ತದೆ.

ಇನ್ನೊಂದು ಅಂಕಿಯನ್ನೂ ಕೇಳಿ: ಅದುಮಿದಾಗಿನ ಯೀಲ್ಡ್ ಬಲ. ಪಟ್ಟಿಗಳಲ್ಲಿ ಸಾಮಾನ್ಯವಾಗಿ ಎಳೆದಾಗಿನದು ಮಾತ್ರ ಇರುತ್ತದೆ. ಎಕ್ಸ್‌ಟ್ರೂಷನ್ ಸರಳಿನಲ್ಲಿ ಹರಳುಗಳ ಜಾರುವ ಪದರಗಳು, ಅಂದರೆ ಒಂದರ ಮೇಲೊಂದು ಸುಲಭವಾಗಿ ಜಾರುವ ಪರಮಾಣು ಪದರಗಳು, ಉದ್ದಕ್ಕೆ ಸಮಾನಾಂತರವಾಗಿ ಮಲಗಿರುತ್ತವೆ. ಉದ್ದಕ್ಕೆ ಅದುಮಿದಾಗ ಹರಳಿನ ಒಂದು ಭಾಗ ಕನ್ನಡಿ ಬಿಂಬದಂತೆ ತಿರುಗಿಕೊಂಡು ಬೇಗನೆ ಮಣಿಯುತ್ತದೆ. ತವರವಿಲ್ಲದ ಸಾಮಾನ್ಯ ಮೆಗ್ನೀಸಿಯಂ ಬೆರಕೆಯಾದ ಎಝಡ್31 ಸರಳುಗಳ ದೌರ್ಬಲ್ಯ ಇದೇ. ಹರಳು ಸಣ್ಣದಿದ್ದು ಕಣಗಳು ಒತ್ತಾಗಿದ್ದರೆ ಹಾಗೆ ತಿರುಗುವುದು ಕಷ್ಟ. ಬಾಗುವ ಕಾಲಿನ ಒಂದು ಬದಿ ಯಾವಾಗಲೂ ಅದುಮಿಸಿಕೊಳ್ಳುವುದರಿಂದ ತವರದ ನಿಜವಾದ ಉಪಕಾರ ನಿಮಗೆ ಇಲ್ಲಿದೆ.

ಕಾಯಿಸುವ ವಿಚಾರ. 200 ಡಿಗ್ರಿಯಲ್ಲಿ ಬರಿಯ ಮೆಗ್ನೀಸಿಯಂ-ತವರ ಬೆರಕೆ ಪೂರ್ಣ ಗಟ್ಟಿಯಾಗಲು ನೂರಾರು ಗಂಟೆ ಬೇಕು. ಹೊರಬರುವ ಪಟ್ಟಿಯಾಕಾರದ ಕಣಗಳು ಜಾರುವ ಪದರದ ಮೇಲೇ ಚಪ್ಪಟೆಯಾಗಿ ಮಲಗುವುದರಿಂದ ಜಾರಿಕೆಗೆ ಅಡ್ಡಿ ಕಡಿಮೆ. ಸತು ಸೇರಿಸುವುದೇ ಆ ಕಣಗಳನ್ನು ಸಣ್ಣದಾಗಿಸಲು. ತವರವನ್ನು ಮತ್ತೆ ಮೆಗ್ನೀಸಿಯಂನೊಳಗೆ ಕರಗಿಸಲೆಂದು 500 ಡಿಗ್ರಿಗೆ ಏರಿಸಿದಿರೋ, ದುಡ್ಡು ಕೊಟ್ಟು ತಂದ ಸಣ್ಣ ಹರಳುಗಳು ದಪ್ಪವಾಗುತ್ತವೆ.

ನೀವು ಕೇಳದಿದ್ದರೂ ಹೇಳಬೇಕಾದದ್ದೊಂದಿದೆ. ಸ್ಟ್ಯಾಂಡಿಗೆ ಬಲಕ್ಕಿಂತ ಬಿಗುವು ಮುಖ್ಯ, ಅದು ಹರಳಿನಿಂದ ಬದಲಾಗುವುದಿಲ್ಲ. ಬಿಗುವಿನ ಅಳತೆಯಾದ ಸ್ಥಿತಿಸ್ಥಾಪಕ ಗುಣಾಂಕ ಮೆಗ್ನೀಸಿಯಂಗೆ ಸುಮಾರು 45 ಗಿಗಾಪ್ಯಾಸ್ಕಲ್, ಅಲ್ಯೂಮಿನಿಯಂಗೆ 69. ಒಂದೇ ದಪ್ಪದ ಸರಳು ಹಾಕಿದರೆ ಬಿಂಬದ ಅಲುಗಾಟ ಅಲ್ಯೂಮಿನಿಯಂನದಕ್ಕಿಂತ ಒಂದೂವರೆ ಪಟ್ಟಾಗುತ್ತದೆ. ಒಂದೇ ತೂಕಕ್ಕೆ ಲೆಕ್ಕ ಹಾಕಿ ವ್ಯಾಸವನ್ನು ಐದನೇ ಒಂದು ಪಾಲು ಹೆಚ್ಚಿಸಿದರೆ ಮಾತ್ರ ಮೆಗ್ನೀಸಿಯಂ ಗೆಲ್ಲುತ್ತದೆ.

ಹರಳು ನೋಡುವ ಆಸೆಯಿದ್ದರೆ ಕೊನೆಯ ಹೊಳಪನ್ನು ನೀರಿನಲ್ಲಿ ಮಾಡಬೇಡಿ, ತವರದ ಸಂಯುಕ್ತ ಕಪ್ಪಾಗುತ್ತದೆ, ಎಥನಾಲ್ ಬಳಸಿ. ಲೇತ್‌ನಲ್ಲಿ ಹರಿತವಾದ ಟೂಲ್ ಇರಲಿ, ಪುಡಿಯಂಥ ಚೂರು ಬರುವಷ್ಟು ತೆಳುವಾಗಿ ಉಜ್ಜಬೇಡಿ. ಚೂರುಗಳನ್ನು ಮುಚ್ಚಳವಿರುವ ಲೋಹದ ಡಬ್ಬಿಗೆ ಆಗಾಗ ತುಂಬಿ, ಪಕ್ಕದಲ್ಲಿ ಒಣ ಮರಳು ಇಟ್ಟುಕೊಳ್ಳಿ. ಬೆಂಕಿ ಹತ್ತಿದರೆ ನೀರು ಖಂಡಿತ ಹಾಕಬಾರದು. ಉಕ್ಕಿನ ಬೋಲ್ಟ್ ನೇರವಾಗಿ ತಾಗಿದರೆ ಇಬ್ಬನಿಯಲ್ಲಿ ಮೆಗ್ನೀಸಿಯಂ ಸವೆಯುತ್ತದೆ, ನಡುವೆ 5052 ದರ್ಜೆಯ ಅಲ್ಯೂಮಿನಿಯಂ ವಾಷರ್ ಹಾಕಿ.