ಉಭಯ ಕುಶಲೋಪರಿ

ಮಾನ್ಯರೇ,

ಸಾಗರದ ಕಡೆಯಿಂದ ನೀವು ಬರೆದ ನಾಲ್ಕು ಪುಟಗಳ ಕಾಗದ ತಲುಪಿದೆ. ಹೆಸರು ಪ್ರಕಟಿಸಬಾರದೆಂಬ ನಿಮ್ಮ ಕೋರಿಕೆಯಂತೆ ನಡೆದುಕೊಂಡಿದ್ದೇನೆ. ಪೂರ್ತಿ ಕಾಗದವನ್ನು ಅಚ್ಚು ಮಾಡಲು ಸ್ಥಳವಿಲ್ಲದ ಕಾರಣ, ಉಳಿದ ಓದುಗರಿಗಾಗಿ ಅದರ ಸಾರವನ್ನು ಮೊದಲು ಹೇಳುತ್ತೇನೆ.

ನೀವು ನಾಲ್ವರು ಗೆಳೆಯರು. ನಿವೃತ್ತಿಯ ನಂತರ ದಿನವೂ ಬೆಳಿಗ್ಗೆ ನಡೆದಾಡಿ ಬಂದು ಒಂದೇ ಹೋಟೆಲಿನಲ್ಲಿ ಕೂತು ಕಾಫಿ ಕುಡಿಯುವವರು. ನಿಮ್ಮಲ್ಲಿ ಒಬ್ಬರಾದ, ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ಮೇಷ್ಟ್ರಿಗೆ ಬೆಂಗಳೂರಿನಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆಯಾಯಿತು. ಅದೇ ವಾರ, ಮದುವೆಯಾಗಿ ಒಂಬತ್ತು ವರ್ಷಗಳ ನಂತರ, ನಿಮ್ಮ ಮಗಳಿಗೆ ಹೆಣ್ಣು ಮಗು ಹುಟ್ಟಿತು. ಹಾಸಿಗೆಯಲ್ಲಿ ನೋವು ತಿನ್ನುತ್ತಿರುವ ಮನುಷ್ಯನ ಮುಂದೆ ನಮ್ಮ ಮನೆಯ ಸಂಭ್ರಮ ಹೇಳುವುದು ಸರಿಯಲ್ಲವೆಂದು ನೀವು ಮೂವರೂ ಮಾತಾಡಿಕೊಂಡು ಸುದ್ದಿಯನ್ನು ಮುಚ್ಚಿಟ್ಟಿರಿ. ಅವರ ಪತ್ನಿಗೂ ಹಾಗೆಯೇ ಹೇಳಿ ಒಪ್ಪಿಸಿದಿರಿ. ಇಪ್ಪತ್ತನಾಲ್ಕನೆಯ ದಿನ ಹಾಲು ಕೊಡಲು ಬಂದವರ ಬಾಯಿಂದ ಮೇಷ್ಟ್ರಿಗೆ ಅದು ಗೊತ್ತಾಯಿತು. ಅವರು ಫೋನ್ ಮಾಡಿ, "ನಾನಿನ್ನೂ ಸತ್ತಿರಲಿಲ್ಲವಲ್ಲ ಮಾರಾಯ" ಎಂದಷ್ಟೇ ಹೇಳಿ ಇಟ್ಟರು. ಅಂದಿನಿಂದ ನೀವು ಅವರ ಮನೆಗೆ ಹೋಗಲು ಅಳುಕುತ್ತಿದ್ದೀರಿ. "ನಾವು ಮಾಡಿದ್ದು ತಪ್ಪೇ? ಈಗ ಅವನೆದುರು ಕೂತು ಏನು ಮಾತಾಡಲಿ?" ಇವು ನಿಮ್ಮ ಎರಡು ಪ್ರಶ್ನೆಗಳು.

ಮೊದಲನೆಯದಕ್ಕೆ ನನ್ನ ಉತ್ತರ, ತಪ್ಪು ಎಂದೇ. ಇದನ್ನು ಒಳ್ಳೆಯ ಮನಸ್ಸಿನಿಂದಲೇ ಮಾಡಿದಿರಿ ಎಂಬುದರಲ್ಲಿ ನನಗೆ ಸಂಶಯವಿಲ್ಲ, ಆದರೂ ತಪ್ಪು. ನೀವು ಅಂಚೆ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದವರಾದ್ದರಿಂದ ನಿಮಗೆ ಚಿರಪರಿಚಿತವಾದ ಒಂದು ವಿಷಯವನ್ನೇ ನೆನಪಿಸುತ್ತೇನೆ. ನಮ್ಮ ಹಿರಿಯರು ಕಾರ್ಡು ಬರೆಯಲಿ, ನೀಲಿ ಇನ್‌ಲ್ಯಾಂಡ್ ಬರೆಯಲಿ, ಮೊದಲ ಸಾಲಿನಲ್ಲಿ "ನಾವೆಲ್ಲರೂ ಇಲ್ಲಿ ಕ್ಷೇಮ" ಎಂದು ತಮ್ಮ ಕಡೆಯದನ್ನು ಹೇಳಿ, ಆಮೇಲೆಯೇ "ನಿಮ್ಮ ಕ್ಷೇಮಕ್ಕೆ ಕಾಗದ ಬರೆಯುವುದು" ಎಂದು ಕೇಳುತ್ತಿದ್ದರು. ಇನ್ನೂ ಹಳಬರು ಅದನ್ನೇ "ಉಭಯ ಕುಶಲೋಪರಿ ಸಾಂಪ್ರತ" ಎಂದು ಮುಗಿಸಿ ಮುಂದಿನ ಮಾತಿಗೆ ಹೋಗುತ್ತಿದ್ದರು. ಓದುವವರ ಮನೆಯಲ್ಲಿ ಕಾಯಿಲೆಯಿದೆ ಎಂದು ಗೊತ್ತಿದ್ದಾಗಲೂ ಆ ಮೊದಲ ಸಾಲನ್ನು ಯಾರೂ ಬಿಡುತ್ತಿರಲಿಲ್ಲ, ಏಕೆಂದರೆ ಕಾಯಿಲೆ ಬಿದ್ದವರಿಗೂ ತಮ್ಮವರು ಚೆನ್ನಾಗಿದ್ದಾರೆಂಬುದು ತಿಳಿಯಬೇಕಾದ ವಿಷಯವೇ ಆಗಿತ್ತು. ಈ ಇಪ್ಪತ್ತನಾಲ್ಕು ದಿನ ನೀವು ಮೇಷ್ಟ್ರ ಬಳಿ ಅವರ ಕ್ಷೇಮವನ್ನು ಮಾತ್ರ ಕೇಳಿದಿರಿ, ನಿಮ್ಮ ಕ್ಷೇಮವನ್ನು ಹೇಳಲಿಲ್ಲ. ನೋವಿದೆಯೇ, ನಿದ್ದೆ ಬಂತೇ, ಮಾತ್ರೆ ತೆಗೆದುಕೊಂಡೆಯಾ ಎಂಬ ಪ್ರಶ್ನೆಗಳನ್ನು ಡಾಕ್ಟರೂ ಕೇಳುತ್ತಾರೆ, ನರ್ಸೂ ಕೇಳುತ್ತಾರೆ. ಗೆಳೆಯನೂ ಅವನ್ನೇ ಕೇಳಿ ಎದ್ದು ಹೋದರೆ ಹಾಸಿಗೆಯಲ್ಲಿರುವವರು ಇಡೀ ದಿನ ರೋಗಿಯಾಗಿಯೇ ಉಳಿಯಬೇಕಾಗುತ್ತದೆ. ಮೇಷ್ಟ್ರಿಗೆ ನೋವಾದದ್ದು ಅದಕ್ಕಾಗಿ ಎಂದು ನನ್ನ ಅನಿಸಿಕೆ.

ಈ ಹಾಸಿಗೆಯ ಅನುಭವ ನನಗೂ ಸ್ವಲ್ಪ ಇದೆ. ಕೆಲವು ವರ್ಷಗಳ ಹಿಂದೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ನಾನು ವಾರ್ಡಿನಲ್ಲಿ ಮಲಗಿದ್ದಾಗ ನೋಡಲು ಬಂದವರೆಲ್ಲ ದನಿ ತಗ್ಗಿಸಿ ಮಾತಾಡಿ, ಹಣ್ಣಿನ ಚೀಲವನ್ನು ಮಂಚದ ಕೆಳಗಿಟ್ಟು ಹೋಗುತ್ತಿದ್ದರು. ನಾಲ್ಕನೆಯ ದಿನ ನಮ್ಮ ಕಚೇರಿಯಲ್ಲಿ ಕರಡು ತಿದ್ದುತ್ತಿದ್ದ ಗೆಳೆಯರು ಬಂದು, ಮಗ ಹಿಂದಿನ ಸಂಜೆ ಸೈಕಲ್ ಕಲಿತ ಕಥೆಯನ್ನು ಹೇಳಿದರು. ಎರಡೂ ಮಂಡಿಯಲ್ಲಿ ಪ್ಯಾಂಟು ಹರಿದದ್ದು, ಹುಡುಗನಿಗೆ ಬ್ರೇಕು ಹಿಡಿಯುವುದು ಮರೆತು ಎದುರುಮನೆಯ ಗೇಟಿನೊಳಕ್ಕೇ ನುಗ್ಗಿದ್ದು, ಆ ಮನೆಯ ಅಜ್ಜಿ ಬೈಯುವುದನ್ನು ಬಿಟ್ಟು ಚಪ್ಪಾಳೆ ತಟ್ಟಿದ್ದು, ಹೀಗೆ ಹತ್ತು ನಿಮಿಷ. ನಕ್ಕರೆ ಹೊಲಿಗೆ ಎಳೆಯುತ್ತಿತ್ತು. ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು ನಕ್ಕೆ. ಅವರು ಹೋದ ಮೇಲೆ, ಮನೆಗೆ ಹೋದಾಗ ಆ ಹುಡುಗನಿಗೆ ಒಂದು ಬೆಲ್ಲು ಕೊಡಿಸಬೇಕೆಂದುಕೊಂಡೆ. ಮುಂದೆ ಮಾಡಬೇಕಾದ ಒಂದು ಕೆಲಸ ನನ್ನ ಮನಸ್ಸಿಗೆ ಬಂದದ್ದು ಆ ನಾಲ್ಕು ದಿನಗಳಲ್ಲಿ ಅದೇ ಮೊದಲು.

ಹೊರಗಿನ ಬದುಕು ಕಣ್ಣಿಗೆ ಬೀಳುತ್ತಿರುವುದಕ್ಕೂ ಗಾಯ ಮಾಗುವುದಕ್ಕೂ ಸಂಬಂಧವಿದೆಯೇ ಎಂದು ಪರಿಶೀಲಿಸಿದವರಿದ್ದಾರೆ. ರೋಜರ್ ಉಲ್ರಿಚ್ ಎಂಬವರು 1984ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ಅವರು ಹೋಲಿಸಿ ನೋಡಿದ್ದರು. ಕಿಟಕಿಯಿಂದ ಮರಗಳು ಕಾಣುತ್ತಿದ್ದ 23 ಮಂದಿ, ಬರಿಯ ಇಟ್ಟಿಗೆ ಗೋಡೆ ಕಾಣುತ್ತಿದ್ದ 23 ಮಂದಿಗಿಂತ ಸರಾಸರಿ ಮುಕ್ಕಾಲು ದಿನದಷ್ಟು ಬೇಗ ಮನೆಗೆ ಹೋಗಿದ್ದರು, ಬಲವಾದ ನೋವುನಿವಾರಕಗಳನ್ನೂ ಕಡಿಮೆ ಪಡೆದಿದ್ದರು. ಸಣ್ಣ ಅಧ್ಯಯನವದು, ಅದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟಲಾಗದು. ಆದರೆ ಮರ ಕಾಣುವ ಕಿಟಕಿಯೇ ಅಷ್ಟು ಮಾಡಬಹುದಾದರೆ, ನಲವತ್ತು ವರ್ಷದ ಗೆಳೆಯ ಹೇಳುವ ಮೊಮ್ಮಗಳ ಸುದ್ದಿ ಮೇಷ್ಟ್ರಿಗೆ ಭಾರವಾಗುತ್ತಿತ್ತೆಂದು ನಂಬಲು ನನ್ನಿಂದಾಗುವುದಿಲ್ಲ.

ಇನ್ನು ಮೇಷ್ಟ್ರ ಆ ಕಟುವಾದ ಮಾತಿನ ಬಗ್ಗೆ. ಬೈಪಾಸ್‌ನಲ್ಲಿ ಎದೆಯ ನಡುಮೂಳೆಯನ್ನು ಉದ್ದಕ್ಕೆ ಸೀಳಿ, ಕಾಲಿನಿಂದಲೋ ಎದೆಯ ಒಳಗೋಡೆಯಿಂದಲೋ ತೆಗೆದುಕೊಂಡ ರಕ್ತನಾಳವನ್ನು ಹೃದಯದ ಕಟ್ಟಿಕೊಂಡ ನಾಳಕ್ಕೆ ಬಳಸುದಾರಿಯಾಗಿ ಜೋಡಿಸಿ, ಮೂಳೆಯನ್ನು ಉಕ್ಕಿನ ತಂತಿಯಿಂದ ಬಿಗಿಯುತ್ತಾರೆ. ಆ ಮೂಳೆ ಕೂಡಿಕೊಳ್ಳಲು ಸಾಮಾನ್ಯವಾಗಿ ಆರರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ತುಂಬಿದ ಕೊಡ ಎತ್ತುವಂತಿಲ್ಲ, ಸ್ಕೂಟರ್ ಓಡಿಸುವಂತಿಲ್ಲ, ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವುಚಿಕೊಳ್ಳಬೇಕು, ಮಲಗಿದಲ್ಲಿಂದ ಏಳಲು ಕೈ ಊರಿ ಒತ್ತಡ ಹಾಕಬಾರದು. ಊಟ ರುಚಿಸುವುದಿಲ್ಲ, ರಾತ್ರಿ ನಿದ್ದೆ ಹತ್ತುವುದಿಲ್ಲ. ಈ ವಾರಗಳಲ್ಲಿ ಕಾರಣವಿಲ್ಲದೆ ಕಣ್ಣು ತುಂಬುವುದು, ಸಣ್ಣದಕ್ಕೂ ಸಿಟ್ಟು ಬರುವುದು ಬಹಳ ಮಂದಿಗೆ ಆಗುತ್ತದೆ. ಹೆಚ್ಚಿನವರಲ್ಲಿ ಅದು ತಾನಾಗಿ ಇಳಿಯುತ್ತದೆ. ಆದ್ದರಿಂದ ಆ ಮಾತಿನ ಬಿರುಸಿನಲ್ಲಿ ಒಂದು ಪಾಲು ಆಯಾಸದ್ದು ಎಂದು ತಿಳಿಯಿರಿ. ಆದರೆ ದೂರಿನಲ್ಲಿ ಹುರುಳಿಲ್ಲವೆಂದು ಮಾತ್ರ ತಿಳಿಯಬೇಡಿ. ಎರಡು ವಾರ ಕಳೆದರೂ ಅವರಿಗೆ ಊಟ, ಮಾತು, ಓದು ಯಾವುದರಲ್ಲೂ ಮನಸ್ಸಿಲ್ಲದಂತೆ ಕಂಡರೆ, ಅಥವಾ ಬದುಕೇ ಬೇಡವೆಂಬಂಥ ಮಾತು ಮತ್ತೆ ಬಂದರೆ, ಅವರ ಮನೆಯವರೊಡನೆ ಮಾತಾಡಿ ತಡಮಾಡದೆ ಡಾಕ್ಟರಿಗೆ ತಿಳಿಸಿ. ಹೃದಯದ ಡಾಕ್ಟರಿಗೆ ಮನಸ್ಸಿನ ವಿಷಯ ಹೇಳಬಾರದೆಂಬ ಸಂಕೋಚ ಬೇಡ.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ಏನು ಮಾತಾಡಲಿ ಎಂದು ಕೇಳಿದ್ದೀರಿ. ಏನನ್ನು ಕೇಳಿಸಿಕೊಳ್ಳಬೇಕೆಂಬುದನ್ನು ನಾನು ಮೊದಲು ಹೇಳಬೇಕು. ಸಿಹಿಸುದ್ದಿ ನಿಮ್ಮ ಬಳಿ ಮಾತ್ರವಲ್ಲ, ಅವರ ಬಳಿಯೂ ಇದೆ. ಬೈಪಾಸ್ ಆದವರಿಗೆ ಉಸಿರಿನ ವ್ಯಾಯಾಮಕ್ಕೆಂದು ಮೂರು ಚೆಂಡುಗಳ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ಕೊಡುತ್ತಾರೆ, ನೀವು ನೋಡಿರಬಹುದು. ಕೊಳವೆಯಲ್ಲಿ ಉಸಿರನ್ನು ಒಳಗೆಳೆದರೆ ಮೊದಲ ಚೆಂಡು ಏಳುತ್ತದೆ. ಎರಡನೆಯದು ಏಳಲು ಇನ್ನಷ್ಟು ಬಲ ಬೇಕು. ಮೂರನೆಯದಕ್ಕೆ ಸೆಕೆಂಡಿಗೆ 1200 ಮಿಲಿಲೀಟರ್ ವೇಗದಲ್ಲಿ ಗಾಳಿ ಎಳೆಯಬೇಕು, ಅದು ಮೊದಲ ದಿನಗಳಲ್ಲಿ ಅನೇಕರಿಗೆ ಆಗುವುದೇ ಇಲ್ಲ. ಒಂದು ದಿನ ಮೂರನೆಯ ಚೆಂಡು ಮೇಲೇಳುತ್ತದೆ. ಒಂದು ದಿನ ಯಾರ ಕೈಯನ್ನೂ ಹಿಡಿಯದೆ ಬಚ್ಚಲಿಗೆ ಹೋಗಿಬರುತ್ತಾರೆ. ಒಂದು ರಾತ್ರಿ ಮಗ್ಗುಲಾಗಿ ಮಲಗಲು ಬರುತ್ತದೆ. ಒಂದು ಬೆಳಿಗ್ಗೆ ಕಾಫಿಗೆ ಕಾಫಿಯದೇ ರುಚಿ ಇರುತ್ತದೆ. ಅಂಗಳದ ದಣಪೆಯವರೆಗೆ ನಡೆದವರು ಮರುವಾರ ರಸ್ತೆಯ ಮೋರಿಯವರೆಗೆ ನಡೆಯುತ್ತಾರೆ. ಇದನ್ನೆಲ್ಲ ಅವರು ಯಾರಿಗೂ ಹೇಳಿರುವುದಿಲ್ಲ. ಇಷ್ಟು ಸಣ್ಣದನ್ನು ಹೇಗೆ ಹೇಳುವುದೆಂಬ ಸಂಕೋಚ ಒಂದು. ಸುಧಾರಿಸಿದೆ ಎಂದು ಬಾಯಿಬಿಟ್ಟು ಹೇಳಿದರೆ ದೃಷ್ಟಿ ತಾಗೀತೆಂಬ ಹೆದರಿಕೆ ಇನ್ನೊಂದು. ನೀವಾಗಿಯೇ ಕೇಳಿ. "ಹುಷಾರಾದೆಯಾ?" ಎಂದರೆ "ಪರವಾಗಿಲ್ಲ" ಎಂಬ ಉತ್ತರ ಬರುತ್ತದೆ. "ನಿನ್ನೆ ಎಲ್ಲಿಯವರೆಗೆ ನಡೆದೆ?" ಎಂದು ಕೇಳಿದರೆ ಸುದ್ದಿ ಬರುತ್ತದೆ.

ಹಾಗೆ ಬಂದ ಸುದ್ದಿಯನ್ನು ಬರಮಾಡಿಕೊಳ್ಳುವ ರೀತಿ ಬಹಳ ಮುಖ್ಯ. ಶೆಲ್ಲಿ ಗೇಬಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರು 2004ರಲ್ಲಿ ಪ್ರಕಟಿಸಿದ ಅಧ್ಯಯನಗಳು ಇದನ್ನೇ ಕುರಿತವು. ಒಳ್ಳೆಯದು ನಡೆದಾಗ ಆಗುವ ಸಂತೋಷ, ಅದನ್ನು ಇನ್ನೊಬ್ಬರಿಗೆ ಹೇಳಿದಾಗ ಮತ್ತಷ್ಟು ಹೆಚ್ಚುತ್ತದೆಂದು ಅವರು ಕಂಡರು. ಕೇಳಿದವರು ಹುರುಪಿನಿಂದ ಸ್ಪಂದಿಸುವ ಕಡೆ ಸಂಬಂಧವೂ ಗಟ್ಟಿಯಾಗಿರುತ್ತದೆಂದು ಕಂಡರು. ತಣ್ಣಗೆ ತಲೆಯಾಡಿಸುವುದು, ಸುದ್ದಿಯಲ್ಲಿ ಕೊರತೆ ಹುಡುಕುವುದು, ಕೇಳಿಯೂ ಕೇಳದಂತೆ ಬೇರೆ ಮಾತಿಗೆ ಹೊರಳುವುದು, ಈ ಮೂರರಿಂದ ಆ ಫಲವಿಲ್ಲ. ನಮ್ಮ ಮನೆಗಳಲ್ಲಿ ಈ ಮೂರೂ ನಡೆಯುತ್ತವೆ. ಮೋರಿಯವರೆಗೆ ನಡೆದೆ ಎಂದ ರೋಗಿಗೆ ಒಬ್ಬರು "ಜಾಸ್ತಿ ನಡೆಯಬೇಡ, ಆಮೇಲೆ ಕಷ್ಟ" ಎನ್ನುತ್ತಾರೆ. ಇನ್ನೊಬ್ಬರು "ನಮ್ಮ ಭಾವ ಹದಿನೈದೇ ದಿನಕ್ಕೆ ಪೇಟೆಗೆ ಹೋಗಿದ್ದ" ಎನ್ನುತ್ತಾರೆ. ಆ ರೋಗಿ ನಾಳೆ ತನ್ನ ನಡಿಗೆಯ ವಿಷಯ ಹೇಳುವುದಿಲ್ಲ. ಮೋರಿಯ ಹತ್ತಿರ ಯಾರಾದರೂ ಸಿಕ್ಕರೇ, ವಾಪಸು ಬರುವಾಗ ಏದುಸಿರು ಬಂತೇ, ನಾಳೆ ನಾನೂ ಜೊತೆಗೆ ಬರಲೇ ಎಂದು ಕೇಳುವವರೇ ಅವರಿಗೆ ಬೇಕಾದವರು.

ಇಷ್ಟೆಲ್ಲ ಹೇಳಿದ ಮೇಲೆ, ಸುದ್ದಿಯನ್ನು ತಡೆದು ಹೇಳಬೇಕಾದ ಸಂದರ್ಭಗಳೂ ಇವೆ ಎಂದು ಒಪ್ಪಿಕೊಳ್ಳಬೇಕು. ಐಸಿಯುನಲ್ಲಿರುವವರಿಗೆ, ಮಂಪರು ಪೂರ್ತಿ ಇಳಿಯದವರಿಗೆ ಏನನ್ನೂ ಹೇಳಬೇಕಾಗಿಲ್ಲ. ಇನ್ನೂ ಸೂಕ್ಷ್ಮವಾದದ್ದೆಂದರೆ, ನಮ್ಮ ಸಂತೋಷವೂ ಅವರ ನಷ್ಟವೂ ಒಂದೇ ಜಾಗಕ್ಕೆ ತಾಗುವ ಸಂದರ್ಭ. ಮಕ್ಕಳಿಲ್ಲದ ಗೆಳತಿಗೆ ಗರ್ಭಕೋಶ ತೆಗೆದ ತಿಂಗಳಲ್ಲಿ ತನ್ನ ಸೊಸೆ ಬಸುರಿಯಾದಳೆಂದು ಹೇಳುವುದು ಹೇಗೆಂದು ಹಿಂದೊಮ್ಮೆ ಓದುಗರೊಬ್ಬರು ನನ್ನನ್ನು ಕೇಳಿದ್ದರು. ಹೇಳಿ, ಆದರೆ ನಾಲ್ಕು ಜನರ ನಡುವೆ ಬೇಡ. ಬೇರೆಯವರಿಂದ ತಿಳಿಯುವ ಮೊದಲು ನೀವೇ ಒಬ್ಬರೇ ಹೋಗಿ ಹೇಳಿ, ಅವರು ಅತ್ತರೆ ಕೂತಿರಿ ಎಂದು ಬರೆದಿದ್ದೆ. ಈಗಲೂ ನನ್ನ ಅಭಿಪ್ರಾಯ ಅದೇ. ನಿಮ್ಮ ಮೇಷ್ಟ್ರ ವಿಷಯದಲ್ಲಿ ಇಂಥ ತೊಡಕೇನೂ ಇರಲಿಲ್ಲ.

ಅವರ ಪತ್ನಿಯ ಬಗ್ಗೆಯೂ ಒಂದು ಮಾತು. ಗುಟ್ಟನ್ನು ಕಾಯುವ ಕೆಲಸವನ್ನು ನೀವು ಅವರ ಮೇಲೂ ಹೊರಿಸಿದಿರಿ. ಈ ವಾರಗಳಲ್ಲಿ ಅವರ ದಿನವೆಲ್ಲ ಮಾತ್ರೆಯ ಹೊತ್ತು, ಉಪ್ಪು ಕಡಿಮೆ ಹಾಕಿದ ಅಡುಗೆ, ಕಾಲಿನ ಗಾಯದ ಡ್ರೆಸ್ಸಿಂಗ್, ನೋಡಲು ಬಂದವರಿಗೆ ಕಾಫಿ ಇವುಗಳಲ್ಲೇ ಕಳೆದಿರುತ್ತದೆ. ಆ ಮನೆಯಲ್ಲಿ ಮಗುವಿನ ಸುದ್ದಿಯಿಂದ ನಾಲ್ಕು ದಿನ ಹಗುರಾಗಬಹುದಾಗಿದ್ದವರು ಅವರೂ ಹೌದು. ನಿಮ್ಮಿಂದಾಗಿ ಗಂಡನ ಮುಂದೆ ಬಾಯಿ ಕಟ್ಟಿಕೊಂಡು ಇರಬೇಕಾಯಿತು. ಮೇಷ್ಟ್ರ ಸಿಟ್ಟಿನಲ್ಲಿ ಒಂದಿಷ್ಟು ಅವರ ಪಾಲಿಗೂ ಬಂದಿರಬಹುದು. ಹೋದಾಗ ಅವರ ಬಳಿಯೂ ಕ್ಷಮೆ ಕೇಳಿ.

ಹೋಗುವುದನ್ನು ಇನ್ನು ಮುಂದೂಡಬೇಡಿ. ಮೂವರೂ ಒಟ್ಟಿಗೆ ಹೋಗುವುದಕ್ಕಿಂತ ಮೊದಲ ಸಲ ನೀವೊಬ್ಬರೇ ಹೋಗುವುದು ಒಳ್ಳೆಯದು. ಮಧ್ಯಾಹ್ನದ ನಿದ್ದೆ ಮುಗಿದ ಮೇಲೆ, ನಾಲ್ಕು ಗಂಟೆಯ ಸುಮಾರಿಗೆ ಹೋಗಿ. ಅವರು ಕುತ್ತಿಗೆ ಎತ್ತಿ ನೋಡಬೇಕಾಗದಂತೆ ಕುರ್ಚಿ ಎಳೆದುಕೊಂಡು ಕೂತುಕೊಳ್ಳಿ. "ನಿನಗೆ ತೊಂದರೆಯಾಗಬಾರದೆಂದು ಹೇಳಲಿಲ್ಲ" ಎಂದು ಶುರು ಮಾಡಬೇಡಿ, ಅದು ಕ್ಷಮೆ ಕೇಳಿದಂತಾಗುವುದಿಲ್ಲ. "ಹೇಳಬೇಕಾಗಿತ್ತು, ಹೇಳಲಿಲ್ಲ, ತಪ್ಪಾಯಿತು" ಎಂದರೆ ಸಾಕು. ಆಮೇಲೆ ಮಗುವಿನ ಫೋಟೋ ಅವರ ಕೈಗೆ ಕೊಟ್ಟು, ಹುಟ್ಟಿದ ರಾತ್ರಿ ನಿಮಗೆ ಫೋನ್ ಬಂದಲ್ಲಿಂದ ತೊಡಗಿ ಎಲ್ಲವನ್ನೂ, ಅಂದೇ ಹೇಳಬೇಕಾಗಿದ್ದಂತೆ, ಏನನ್ನೂ ಬಿಡದೆ ಹೇಳಿ. ಅವರು ದಣಿದಂತೆ ಕಂಡರೆ ಅರ್ಧಕ್ಕೆ ನಿಲ್ಲಿಸಿ, ಉಳಿದದ್ದನ್ನು ಮರುದಿನಕ್ಕೆ ಇಟ್ಟುಕೊಳ್ಳಿ.

ನಿಮ್ಮ ಕಾಗದದ ಮೂರನೆಯ ಪುಟದಲ್ಲಿ ಇನ್ನೊಂದು ವಿಷಯವಿದೆ. ಊರಿನ ಎಷ್ಟೋ ಮಕ್ಕಳಿಗೆ ಹೆಸರು ಹುಡುಕಿಕೊಟ್ಟವರು ಈ ಮೇಷ್ಟ್ರೇ, ನಿಮ್ಮ ಮಗಳ ಹೆಸರೂ ಅವರು ಸೂಚಿಸಿದ್ದೇ ಎಂದು ಬರೆದಿದ್ದೀರಿ. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದು ಮೂರನೆಯ ತಿಂಗಳಲ್ಲಿ ಎಂದೂ ಬರೆದಿದ್ದೀರಿ. ಅಂದರೆ ಇನ್ನೂ ಒಂದು ತಿಂಗಳಿಗೂ ಹೆಚ್ಚು ಸಮಯವಿದೆ. ಹೋಗುವಾಗ ಒಂದು ಹಾಳೆ, ಒಂದು ಪೆನ್ನು ತೆಗೆದುಕೊಂಡು ಹೋಗಿ.

ಇಂತಿ,
ಸಂಪಾದಕ